ಸಾಹೇಬರ ಆಲದ ಗಿಡ

ಸುಮಂಗಲಾ ಮೊದಲು ಇಷ್ಟು ಅಂಜುಬುರುಕಿ ಆಗಿರಲಿಲ್ಲ. ಅಫಜಲಪುರದ ಕಡೆಯಿಂದ ಗಂಡ ಯಲ್ಲಾಲಿಂಗನ ಜೊತೆ ಮಹಾರಾಷ್ಟ್ರದ ಸಂಭಾಜಿನಗರಕ್ಕೆ ಬಂದ ಹೊಸದರಲ್ಲಿ ಕಟ್ಟಡದ ಕೆಲಸದಲ್ಲಿ ಮೂರನೇ ಅಂತಸ್ತಿನ ಹಲಗೆಯ ಮೇಲೆ ತಲೆತುಂಬ ಇಟ್ಟಿಗೆ ಹೊತ್ತು ಓಡಾಡಿದವಳು ಅವಳು. ಆಮೇಲೆ ಒಂದು ಬಂಗಲೆಯಲ್ಲಿ ಮನೆಗೆಲಸಕ್ಕೆ ಸೇರಿದಳು. ಅಲ್ಲಿ ಬೆಳ್ಳಿಯ ಕುಂಕುಮದ ಭರಣಿ ಕಾಣೆಯಾಯಿತು. ಅಕ್ಕಪಕ್ಕದವರೆಲ್ಲ ನೋಡುತ್ತಿರುವಾಗ ಅವಳ ಚೀಲ ಸುರುವಿದರು, ಸೀರೆಯ ಸೆರಗು ಝಾಡಿಸಿದರು. ನಾಲ್ಕು ದಿನಕ್ಕೆ ಭರಣಿ ದೇವರ ಜಗಲಿಯ ಹಿಂದೆಯೇ ಸಿಕ್ಕಿತಂತೆ. ತಪ್ಪಾಯಿತು ಅಂತ ಯಾರೂ ಹೇಳಿ ಕಳಿಸಲಿಲ್ಲ. ಅಂದಿನಿಂದ ಇನ್ನೊಬ್ಬರ ಸಾಮಾನು ಮುಟ್ಟಬೇಕೆಂದರೆ ಅವಳ ಕೈ ಹಿಂದೆ ಸರಿಯುತ್ತಿತ್ತು.

ಊರಂಚಿನ ಚಿಕಲಠಾಣಾದ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕಸ ಗುಡಿಸಿ ಚಹಾ ಕೊಡುವ ಕೆಲಸ ಸಿಕ್ಕಾಗಲೂ ಅಷ್ಟೇ. ಸಂಜೆ ಹೊರಡುವಾಗ ವಾಚ್‌ಮನ್ ಕೇಳದಿದ್ದರೂ ತಾನಾಗಿಯೇ ಚೀಲ ಬಿಚ್ಚಿ ತೋರಿಸುತ್ತಿದ್ದಳು.

ಆ ಆಫೀಸಿನ ಮುಂದಿನ ಮೇಜಿನ ಮೇಲೆ ಒಂದು ಆಲದ ಗಿಡವಿತ್ತು. ಮೊಳದೆತ್ತರದ್ದು. ಆದರೂ ದಪ್ಪ ಬೊಡ್ಡೆ, ಇಳಿಬಿದ್ದ ಬಿಳಲು, ಹರಡಿದ ಟೊಂಗೆ, ಎಲ್ಲ ಊರ ಹೊರಗಿನ ಆಲದ ಹಾಗೆಯೇ. ಬೋನ್ಸಾಯ್ ಅನ್ನುತ್ತಿದ್ದರು. ಕಾರ್ಖಾನೆಯ ಮಾಲಕರು ಇಪ್ಪತ್ತೆರಡು ವರ್ಷದಿಂದ ಅದನ್ನು ತಮ್ಮ ಕೈಯಾರೆ ನೋಡಿಕೊಂಡು ಬಂದಿದ್ದರು. ಮಾಘ ಮಾಸದಲ್ಲಿ ಸೊಂಟದ ಆಪರೇಶನ್‌ಗೆ ಪುಣೆಗೆ ಹೊರಟ ಸಾಹೇಬರು ಅವಳನ್ನು ಕರೆದು ಹಿಂದಿಯಲ್ಲಿ ಹೇಳಿದರು: “ಎರಡು ತಿಂಗಳು ನಾನಿರುವುದಿಲ್ಲ. ಉಳಿದವರು ಮರೀತಾರೆ. ಇದಕ್ಕೆ ನೀರು ಹಾಕೋದು ನಿನ್ನ ಕೆಲಸ.”

ಆಗೋದಿಲ್ಲ ಅನ್ನಬೇಕೆಂದಿದ್ದವಳು ಹೂಂ ಅಂದುಬಿಟ್ಟಳು.

ಒಣಗೀತು ಅನ್ನುವ ಹೆದರಿಕೆಗೆ ದಿನಕ್ಕೆ ಎರಡು ಹೊತ್ತು ನೀರು ಹಾಕಿದಳು. ಮರುದಿನ ಸೂಟಿ ಅಂತ ಶನಿವಾರ ಇನ್ನೊಂದು ತಂಬಿಗೆ ಹೆಚ್ಚು. ಮೂರನೇ ವಾರಕ್ಕೆ ಎಲೆ ಹಳದಿಯಾಯಿತು. ನೀರು ಸಾಲದೇನೋ ಅಂತ ಇನ್ನಷ್ಟು ಹಾಕಿದಳು. ಆಮೇಲೆ ಎಲೆ ಉದುರತೊಡಗಿತು. ಬೆಳಿಗ್ಗೆ ಬಾಗಿಲು ತೆಗೆದವಳೇ ಮೊದಲು ಮೇಜಿನ ಕಡೆ ಓಡುತ್ತಿದ್ದಳು. ಯಾರೂ ಬರುವ ಮೊದಲು ಉದುರಿದ ಎಲೆಗಳನ್ನೆಲ್ಲ ಆರಿಸಿ ತನ್ನ ಬುತ್ತಿಯ ಡಬ್ಬಿಗೆ ತುಂಬಿ ಮುಚ್ಚಳ ಹಾಕುತ್ತಿದ್ದಳು. ಸಂಜೆ ವಾಚ್‌ಮನ್‌ಗೆ ಚೀಲ ತೋರಿಸುವುದು ನಿಂತಿತು. ತಲೆ ತಗ್ಗಿಸಿ ದಾಟಿ ಹೋಗುತ್ತಿದ್ದಳು. “ಯಾಕೆ ಸುಮಂಗಲಾಬಾಯಿ, ಇತ್ತೀಚೆಗೆ ಬಹಳ ಅವಸರ?” ಅಂತ ಅವನು ನಗುತ್ತ ಕೇಳಿದ ದಿನ ಅವಳು ಬಸ್ ಸ್ಟಾಪಿನವರೆಗೂ ಚೀಲವನ್ನು ಎದೆಗವಚಿಕೊಂಡೇ ಹೋದಳು.

ಕಡೆಗೊಂದು ದಿನ ಬಲಗಡೆಯ ದೊಡ್ಡ ಟೊಂಗೆ ಬೋಳಾಗಿ ನಿಂತಿತು. ಆಫೀಸಿನವರಿಗೆ ಕಾಣದ ಹಾಗೆ ಅವಳು ಆ ಬದಿಯನ್ನು ಗೋಡೆಯ ಕಡೆ ತಿರುಗಿಸಿಟ್ಟಳು. ಆವತ್ತು ಗಂಡನ ಮುಂದೆ ಅತ್ತಳು.

“ಸಾಹೇಬ್ರು ಬರೂದ್ರೊಳಗ ಅಂಥಾದ್ದ ಇನ್ನೊಂದು ಗಿಡ ತಂದು ಇಟ್ಟುಬಿಡ್ತೀನ್ರಿ. ಗೊತ್ತಾಗಂಗಿಲ್ಲ.”

“ನಮ್ಮೂರ ಧರ್ಮಣ್ಣ ನಾಶಿಕದಾಗ ನರ್ಸರಿ ಕೆಲಸಕ್ಕ ಅದಾನ. ಅಲ್ಲೇ ಅಂಬಡ್ ಏರಿಯಾದಾಗ ಅವನ ರೂಮು. ಅವನ್ನ ಕೇಳಿ ನೋಡು,” ಅಂದ ಯಲ್ಲಾಲಿಂಗ.

ಸೂಟಿಯ ದಿನ ನಸುಕಿನಲ್ಲೇ ನಾಶಿಕದ ಬಸ್ಸು ಹತ್ತಿದಳು. ವೈಜಾಪುರ ದಾಟುವವರೆಗೂ ಬಸ್ಸಿನಲ್ಲಿ ಯಾರಾದರೂ ಕಾರ್ಖಾನೆಯವರು ಇದ್ದಾರೇನೋ ಅಂತ ಹಿಂದೆ ಮುಂದೆ ನೋಡುತ್ತಲೇ ಇದ್ದಳು. ನರ್ಸರಿ ಸೇರಿದಾಗ ಬಿಸಿಲೇರಿತ್ತು. ಧರ್ಮಣ್ಣ ಐವತ್ತು ದಾಟಿದ ಒಣಕಲು ಮನುಷ್ಯ. ಅವಳ ಮೊಬೈಲಿನಲ್ಲಿದ್ದ ಫೋಟೋ ನೋಡಿ ತಲೆಯಾಡಿಸಿದ.

“ಇಷ್ಟು ವರ್ಷದ ಗಿಡ ಅಂಗಡ್ಯಾಗ ಸಿಗಂಗಿಲ್ಲ, ತಂಗಿ. ಸಿಕ್ಕರೂ ಇದರಂಗ ಅದು ಇರಂಗಿಲ್ಲ. ದಿನಾ ನೋಡಿದಾಂವಗ ಗೊತ್ತಾಗ್ತದ. ನೀರು ಹೆಂಗ ಹಾಕತೀ?”

“ಎರಡು ಹೊತ್ತು, ಅಣ್ಣಾ. ಒಂದಿನಾನೂ ತಪ್ಪಿಸಿಲ್ಲ.”

“ಹಾಂಗಾದ್ರ ನೀರಾಗ ಮುಳುಗಿಸೀ ಅದನ್ನ.”

ಸುಮಂಗಲಾ ಫೋಟೋವನ್ನು ಮತ್ತೆ ತೆರೆದು ನೋಡಿದಳು. ಧರ್ಮಣ್ಣ ಅವಳಿಗೆ ನೀರು ಕೊಟ್ಟು, ಪಕ್ಕದ ಗಿಡವೊಂದರ ಬೊಡ್ಡೆಯನ್ನು ಉಗುರಿನಿಂದ ತುಸು ಕೆರೆದು ತೋರಿಸಿದ. ಒಳಗೆ ಹಸಿರಿತ್ತು, ಬಿಳಿ ಹಾಲು ಜಿನುಗಿತು. “ಹಾಲು ಬಂದ್ರ ಜೀವ ಐತಿ ಅಂತ ತಿಳಿ. ಕುಂಡದಿಂದ ಬಿಡಿಸು. ಕಪ್ಪಗಾಗಿ ಕೊಳೆತ ಬೇರು ಕತ್ತರಿಸು. ಕುಂಡದ ತಳದ ತೂತು ಮುಚ್ಚಿರ್ತದ, ಬಿಡಿಸು. ಈ ಮಣ್ಣು ಹಾಕು,” ಅಂತ ಇಟ್ಟಿಗೆ ಚೂರು, ದಪ್ಪ ಮರಳು, ತುಸು ಗೊಬ್ಬರ ಕಲಸಿದ ಚೀಲ ಕೊಟ್ಟ. “ಆಮ್ಯಾಲೆ ಬೆರಳು ಹಾಕಿ ನೋಡು. ಮಣ್ಣು ಒಣಗಿದ್ರ ನೀರು, ಇಲ್ಲಾಂದ್ರ ಇಲ್ಲ.”

“ಬೇರು ನಾನು ಕತ್ತರಿಸಬೇಕಾ? ಸತ್ತಹೋದ್ರ?”

“ಈಗ ಬದುಕೇತೇನು?”

ಮರುದಿನ ಮುಂಜಾನೆ ಆಫೀಸು ತೆರೆಯುವ ಮೊದಲೇ ಹೋಗಿ ಹಿತ್ತಲ ಕಟ್ಟೆಯ ಮೇಲೆ ಗಿಡ ಇಟ್ಟುಕೊಂಡಳು. ಬೊಡ್ಡೆ ಕೆರೆಯಲು ಉಗುರು ಮುಂದೆ ಹೋಗಲೊಲ್ಲದು. ಕಣ್ಣು ಮುಚ್ಚಿ ಕೆರೆದಳು. ತೆರೆದಾಗ ಸಾಸಿವೆಯಷ್ಟು ಹಾಲು ಕಂಡಿತು. ಕುಂಡ ಬೋರಲು ಹಾಕಿದಾಗ ಗಟಾರದ ವಾಸನೆ ಹೊಡೆಯಿತು. ತಳದ ತೂತಿನಲ್ಲಿ ಹಳೆಯ ಬೇರು ಗಂಟುಗಟ್ಟಿ ಬಿರಡೆಯಂತೆ ಕೂತಿತ್ತು. ಕೊಳೆತ ಬೇರು ಕೈಗೇ ಕಳಚಿ ಬಂತು. ಒಣಗಿದ ಟೊಂಗೆ ಕತ್ತರಿಸುವಾಗ ಬಂದ ಲಟಕ್ ಸದ್ದಿಗೆ, ಗೇಟಿನವರೆಗೂ ಕೇಳಿಸಿತೇನೋ ಅಂತ ತಿರುಗಿ ನೋಡಿದಳು. ಟೊಂಗೆಯನ್ನು ಬಿಸಾಡುವುದಕ್ಕೂ ಹೆದರಿಕೆ. ಒಂದು ಚೀಲದಲ್ಲಿ ಸುತ್ತಿ ಪೊರಕೆಯ ಕಪಾಟಿನಲ್ಲಿ ಬಚ್ಚಿಟ್ಟಳು. ಧರ್ಮಣ್ಣನ ಮಣ್ಣು ತುಂಬಿ ಗಿಡ ನೆಟ್ಟ ಕುಂಡವನ್ನು ಹಿಂದಿನ ಕಿಟಕಿಯ ಬೆಳಕಿಗಿಟ್ಟು, ಕೇಳಿದವರಿಗೆ ಗಿಡಕ್ಕೆ ಬೆಳಕು ಬೇಕಂತೆ ಅಂದಳು.

ಒಂದು ವಾರ ಏನೂ ಇಲ್ಲ. ಎರಡನೇ ವಾರವೂ ಇಲ್ಲ. ಇಪ್ಪತ್ತನೇ ದಿನ ಬೊಡ್ಡೆಯ ಎಡಗಡೆ ಸೂಜಿಮೊನೆಯಂಥ ಚಿಗುರು ಕಂಡಿತು. ಅದನ್ನು ಮುಟ್ಟಲೂ ಇಲ್ಲ. ಮುಟ್ಟಿದರೆ ಉದುರೀತು.

ಸಾಹೇಬರು ಹೇಳಿದ ದಿನಕ್ಕಿಂತ ಎಂಟು ದಿನ ಮೊದಲೇ ಬಂದರು. ಕೋಲು ಊರುತ್ತ ಬಂದವರು ಖಾಲಿ ಮೇಜು ನೋಡಿ ಕಿಟಕಿಯಲ್ಲಿದ್ದ ಗಿಡದ ಕಡೆ ಹೋದರು. ಅವಳು ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಳು.

“ಹೇ ತೇಚ್ ಝಾಡ್ ಆಹೇ ಕಾ?” ಇದು ಅದೇ ಗಿಡವೇನು ಅಂತ ಅವರು ಅವಳ ಕಡೆ ತಿರುಗಿದರು. “ನನ್ನ ಗಿಡ ಎಲ್ಲಿ? ಯಾರಿಗೆ ಕೊಟ್ಟೆ?”

ಬಂಗಲೆಯವರು ಕೇಳಿದ ದನಿಯೇ ಇದು. ಸುಮಂಗಲಾಳಿಗೆ ಓಡಿಹೋಗಬೇಕು ಅನ್ನಿಸಿತು. ಆದರೆ ಕಾಲುಗಳು ಅವಳನ್ನು ಪೊರಕೆಯ ಕಪಾಟಿನ ಕಡೆ ಒಯ್ದವು. ಚೀಲ ತಂದು ಟೊಂಗೆ ಹೊರತೆಗೆದಳು. ಗಿಡದ ಮೈಮೇಲಿದ್ದ ಗಾಯಕ್ಕೆ ಅದನ್ನು ಹಿಡಿದಾಗ ಎರಡೂ ಕೂಡಿಕೊಂಡವು. ಆಮೇಲೆ ಮರಾಠಿ, ಹಿಂದಿ, ಕನ್ನಡ ಎಲ್ಲ ಕಲಸಿ ಹೇಳಿದಳು. ಎರಡು ಹೊತ್ತಿನ ನೀರು, ಡಬ್ಬಿಯಲ್ಲಿ ಒಯ್ದ ಎಲೆ, ನಾಶಿಕದ ಬಸ್ಸು, ಬೇರೆ ಗಿಡ ಇಡಬೇಕು ಅಂದುಕೊಂಡದ್ದನ್ನೂ ಬಿಡಲಿಲ್ಲ.

ಸಾಹೇಬರು ಕುರ್ಚಿಯಲ್ಲಿ ಕೂತರು. “ನನಗೆ ಒಂದು ಫೋನ್ ಯಾಕೆ ಮಾಡಲಿಲ್ಲ?”

“ಅಂಜಿಕಿ ಬಂತ್ರಿ.”

ಅವರು ಕುಂಡವನ್ನು ಎತ್ತಿ ತಳ ನೋಡಿದರು. “ಮೂರು ವರ್ಷದಿಂದ ಮಣ್ಣು ಬದಲಿಸಬೇಕು ಅಂತ ಇದ್ದೆ. ಮಾಡಲಿಲ್ಲ. ನೀರು ಹೇಗೆ ಹಾಕಬೇಕು ಅಂತ ನಿನಗೆ ತೋರಿಸಲೂ ಇಲ್ಲ,” ಅಂದರು. ಶಹಬ್ಬಾಸ್ ಅನ್ನಲಿಲ್ಲ, ಬೈಯಲೂ ಇಲ್ಲ. ಕತ್ತರಿಸಿದ ಟೊಂಗೆಯನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದರು. ಮರುದಿನದಿಂದ ಗಿಡದ ಕೆಲಸ ಇಬ್ಬರದೂ ಆಯಿತು.

ಮಳೆಗಾಲದಲ್ಲಿ ಸುಮಂಗಲಾ ಕಾಂಪೌಂಡಿನ ಗೋಡೆಯ ಬಿರುಕಿನಲ್ಲಿ ಹುಟ್ಟಿದ್ದ ಅರಳಿ ಸಸಿಯೊಂದನ್ನು, ಸಾಹೇಬರನ್ನು ಕೇಳಿಯೇ, ಕಿತ್ತು ತನ್ನದೇ ಒಂದು ಬೋನ್ಸಾಯ್ ಬೆಳೆಸಲು ಮನೆಗೆ ತಂದಳು. ಅದು ಹತ್ತು ದಿನದಲ್ಲಿ ಒಣಗಿತು. ಎರಡನೆಯದು ತಂದಳು. ಧರ್ಮಣ್ಣ ಫೋನಿನಲ್ಲಿ ಹೇಳಿದ ಹಾಗೆ ತಾಯಿಬೇರು ಮೊಟಕು ಮಾಡುವಾಗ ಯಲ್ಲಾಲಿಂಗನನ್ನು ಪಕ್ಕದಲ್ಲೇ ಕೂಡಿಸಿಕೊಂಡಿದ್ದಳು. ಅದಕ್ಕೀಗ ಐದು ಎಲೆ. ಗಾಳಿ ಜೋರಾದರೆ ಸಾಕು, ಒಲೆಯ ಮೇಲೆ ರೊಟ್ಟಿ ಬಿಟ್ಟು ಓಡಿ ಬಂದು ಎಣಿಸುತ್ತಾಳೆ.