ಚಂದ್ರಿಯ ಮುಂದೆ ತೋಡಿಕೊಂಡದ್ದು

ನನಗೀಗ ನಲವತ್ಮೂರು. ಕುಂದಗೋಳದ ನಮ್ಮ ಸಣ್ಣ ಚರ್ಚಿನ ಯುವಜನ ಸಂಘಕ್ಕೆ ಈಗಲೂ ನಾನೇ ಅಧ್ಯಕ್ಷ. ಇದರಲ್ಲಿ ನಗುವಂಥದ್ದೇನಿದೆ ಎಂದು ನಾನು ಕೇಳುವುದಿಲ್ಲ, ಕೇಳಿದರೆ ನೀವು ಹೇಳಿಬಿಡುತ್ತೀರಿ. ಯುವಕರಿಗೆ ಈ ಹುದ್ದೆ ಬೇಡ. ಹಿರಿಯರು ನನ್ನನ್ನು ತಮ್ಮ ಬೆಂಚಿಗೆ ಕರೆಯುವುದಿಲ್ಲ. ಮದುವೆಯಾದರೂ ಆಗಿದ್ದರೆ ಮುದುಕನೆಂದು ಒಪ್ಪುತ್ತಿದ್ದರೇನೋ.

ನಮ್ಮ ಸಂಘ ಹೆಸರು ಮಾಡಿರುವುದು ಸಾಂತ್ವನದ ಭೇಟಿಗೆ. ಯಾರಾದರೂ ಹಾಸಿಗೆ ಹಿಡಿದರೆ ಸಾಕು, ನಾವು ಗಿಟಾರ್ ಸಮೇತ ಹಾಜರು. ಒಂದು ಕೀರ್ತನೆ, ಒಂದು ಬೈಬಲ್ ವಾಕ್ಯ, ಒಂದು ಪ್ರಾರ್ಥನೆ, ಆಮೇಲೆ ಚಹಾ. ಬಂದವರಿಗೆ ಚಹಾ ಆಯಿತೋ ಇಲ್ಲವೋ ಎಂದು ಪಾಪ ರೋಗಿಯೇ ಎದ್ದು ಕೂತು ಒದ್ದಾಡುತ್ತಾರೆ. ಅದನ್ನು ನಾವು ಪ್ರಾರ್ಥನೆಯ ಫಲವೆಂದು ತಿಳಿಯುತ್ತೇವೆ.

ಹಾಗೆಯೇ ಕುಬಿಹಾಳದ ರೂತವ್ವನ ಮನೆಗೆ ಹೋದೆವು. ಒಂಟಿ ಹೆಂಗಸು, ಜಾರಿಬಿದ್ದು ತೊಡೆಯ ಎಲುಬು ಮುರಿದುಕೊಂಡು ಮಲಗಿದ್ದಳು. ನಾನು ಹೊರಸಿನ ಪಕ್ಕ ನಿಂತು, ಕಣ್ಣು ಮುಚ್ಚಿ, ಉದ್ದನೆಯದೊಂದು ಪ್ರಾರ್ಥನೆ ಮಾಡಿದೆ. ಅದು ಎಷ್ಟು ಚೆನ್ನಾಗಿತ್ತೆಂದರೆ ನಾನೇ ಎರಡು ಸಲ ಆಮೆನ್ ಎಂದೆ. ಕಣ್ಣು ಬಿಟ್ಟು ನೋಡಿದರೆ ರೂತವ್ವ ಕಿಟಕಿಯತ್ತ ಕಿವಿಗೊಟ್ಟು ಮಲಗಿದ್ದಾಳೆ. ಕಿಟಕಿಯಾಚೆ ಕೊಟ್ಟಿಗೆ.

“ಆಮೆನ್. ಮುಗೀತಿಲ್ಲೋ ತಮ್ಮಾ? ಹಂಗಾರ ಈಗ ನನ್ನ ಎಮ್ಮಿ ಹಿಂಡ್ರಿ,” ಎಂದಳು.

ಎಮ್ಮೆಯ ಹೆಸರು ಚಂದ್ರಿ. ಕರು ಸತ್ತ ಮೇಲೆ ಅದು ರೂತವ್ವನ ಕೈಗೆ ಮಾತ್ರ ಹಾಲು ಇಳಿಸುತ್ತಿತ್ತು. ಆಕೆ ಬಿದ್ದಾಗಿನಿಂದ ಓಣಿಯವರೆಲ್ಲ ಹಿಂಡಲು ಹೋಗಿ ಒದೆಸಿಕೊಂಡದ್ದೇ ಬಂತು. ಹೀಗೇ ಬಿಟ್ಟರೆ ಎಮ್ಮೆ ಬತ್ತಿಹೋಗುತ್ತದೆ. ಆ ಹಾಲು ಮಾರಿಯೇ ಆಕೆಯ ಒಲೆ ಉರಿಯಬೇಕು. ಬಂಧು ಬಳಗವೆಂದರೂ ಅದೇ ಎಮ್ಮೆ.

“ಅದು ಬತ್ತಿತಂದ್ರ ನಾ ಎದ್ದಾದ್ರೂ ಏನ ಮಾಡ್ಲಿ?”

ಇದಕ್ಕೆ ಹೊಂದುವ ವಾಕ್ಯವನ್ನು ಮನಸ್ಸಿನಲ್ಲೇ ಹುಡುಕಿದೆ. ನಮ್ಮ ಶಾಸ್ತ್ರದಲ್ಲಿ ಕುರಿಗಳು ಬೇಕಾದಷ್ಟಿವೆ, ಒಂಟೆಗಳಿವೆ, ಬಾಯಿಬಿಟ್ಟು ಮಾತಾಡಿದ ಕತ್ತೆಯೂ ಉಂಟು. ಎಮ್ಮೆಯ ವಿಷಯ ಮಾತ್ರ ಸಿಗುವುದಿಲ್ಲ. ಬರೆದ ಮಹನೀಯರು ಎಮ್ಮೆ ಸಾಕಿದ್ದರೆ ತಾಳ್ಮೆಯ ಕುರಿತು ಇನ್ನೂ ಹೆಚ್ಚು ಬರೆಯುತ್ತಿದ್ದರು.

ಆಗ ಪಕ್ಕದ ಮನೆಯ ಗಂಗವ್ವ, ಹಣೆತುಂಬ ವಿಭೂತಿಯ ಗಟ್ಟಿಗಿತ್ತಿ, ಉಪಾಯ ಹೇಳಿದಳು. “ನನ್ನ ಕಂಡ್ರ ಹಾಯಾಕ ಬರತೈತಿ. ನೀವು ಆಕಿ ಒಗೀಲಾರದ ಸೀರಿ ಉಟಗೋರಿ, ಅಧ್ಯಕ್ಷರ. ಮೈ ವಾಸನಿ ಸಿಕ್ಕರ ಅಗದಿ ಸುಮ್ನ ನಿಂದರತೈತಿ.”

ಇದು ನಮ್ಮ ಕಡೆ ಹೊಸದೇನಲ್ಲ. ಹೆಂಡತಿ ತವರಿಗೆ ಹೋದಾಗ ಸೀರೆಯುಟ್ಟು ಎಮ್ಮೆ ಹಿಂಡಿದ ಗಂಡಸರು ಎಷ್ಟೋ ಜನರಿದ್ದಾರೆ, ಹೇಳಿಕೊಳ್ಳುವುದಿಲ್ಲ ಅಷ್ಟೇ. ಸಂಘದ ಹುಡುಗರು ಒಬ್ಬೊಬ್ಬರಾಗಿ ನೆಲ ನೋಡತೊಡಗಿದರು. ಸೇವೆಗೆ ನಾಯಕನೇ ಮುಂದಾಗಬೇಕೆಂದು ಹಿಂದಿನ ಭಾನುವಾರವಷ್ಟೇ ನಾನು ಕೈಯೆತ್ತಿ ಭಾಷಣ ಮಾಡಿದ್ದೆ. ಬೇಕಿತ್ತೇ ನನಗೆ?

ಪ್ಯಾಂಟಿನ ಮೇಲೆ ಸೀರೆ ಸುತ್ತಿ, ತಲೆಗೆ ಸೆರಗು ಹೊದ್ದು, ಚರಿಗೆ ಹಿಡಿದು ಕುಕ್ಕರುಗಾಲಲ್ಲಿ ಕೂತೆ. ಗಿಟಾರಿನ ಹುಡುಗ ಉತ್ಸಾಹದಿಂದ ಕೀರ್ತನೆ ಎತ್ತಿಕೊಂಡ. ಚಂದ್ರಿ ಮೊದಲು ಚರಿಗೆಯನ್ನು ಒದ್ದಿತು, ಆಮೇಲೆ ನನ್ನನ್ನು.

“ಹಾಡಬ್ಯಾಡ್ರೋ!” ಒಳಗಿನಿಂದ ರೂತವ್ವ ಕೂಗಿದಳು. “ನಾ ಯಾವಾಗ ಹಾಡೇನಿ? ಹಿಂಡೋ ಹೊತ್ತಿನಾಗ ಮನಸಿನಾಗಿಂದು ಅದರ ಮುಂದ ಹೇಳ್ತೀನಿ. ನೀನೂ ಹೇಳ. ಖರೇ ಹೇಳ, ಸುಳ್ಳು ಅದಕ್ಕ ತಿಳಿತೈತಿ!”

ಎಲ್ಲರನ್ನೂ ಹೊರಗೆ ಕಳಿಸಿದೆ. ಎಮ್ಮೆಗೆ ಏನೆಂದು ಹೇಳುವುದು? “ಕರ್ತನು ನಿನ್ನನ್ನು ಆಶೀರ್ವದಿಸಲಿ, ಚಂದ್ರಿ,” ಎಂದು ಗಂಭೀರವಾಗಿ ಶುರುಮಾಡಿದೆ. ಬಾಲದಿಂದ ಮುಖಕ್ಕೆ ಬಾರಿಸಿತು. ನನಗೂ ಸಿಟ್ಟು ಬಂತು.

“ಒದಿ ಬೇ, ಒದಿ! ನಿಂದೊಂದು ಬಾಕಿ ಇತ್ತು!”

ಚಂದ್ರಿಯ ಒಂದು ಕಿವಿ ನನ್ನತ್ತ ತಿರುಗಿತು. ಸಿಟ್ಟಿನಲ್ಲೇ ಮುಂದುವರಿಸಿದೆ. ಕನ್ಯೆ ನೋಡಲು ಹೋದಾಗ ಹುಡುಗಿಯ ತಂದೆ ನನ್ನನ್ನೇ ಮಧ್ಯಸ್ಥನೆಂದು ತಿಳಿದು, ವರ ಯಾವಾಗ ಬರುತ್ತಾನೆಂದು ಕೇಳಿದ್ದನ್ನು ಹೇಳಿದೆ. ಅದು ಮುಗಿಯುವಷ್ಟರಲ್ಲಿ, ಹೇಳಬೇಕೆಂದು ಯೋಚಿಸಿಯೇ ಇರದ ಮಾತು ಬಾಯಿಗೆ ಬಂದುಬಿಟ್ಟಿತು. ಅಪ್ಪ ತೀರಿಕೊಂಡ ದಿನ ಕುರ್ಚಿ ತರಿಸಿದವನು ನಾನು, ಕೀರ್ತನೆ ಎತ್ತಿದವನು ನಾನು, ಬಂದವರಿಗೆಲ್ಲ ಸಮಾಧಾನ ಹೇಳಿದವನೂ ನಾನೇ.

“ನೀ ಹೆಂಗದಿ ಅಂತ ನನ್ನ ಒಬ್ಬರೂ ಕೇಳ್ಲಿಲ್ಲ, ಚಂದ್ರಿ. ಅಳಬೇಕಂತ ಮೂಲ್ಯಾಗ ಕುಂತೆ. ಒಬ್ಬಾಂವ ಬಂದು, ಮೈಕಿನ ವಾಯರ್ ಎಲ್ಲೈತಿ ಅಂದ.”

ಅಷ್ಟೇ. ಸೀರೆಯುಟ್ಟ ಯುವಜನ ಸಂಘದ ಅಧ್ಯಕ್ಷ ಎಮ್ಮೆಯ ಹೊಟ್ಟೆಗೆ ಹಣೆಯಾನಿಸಿ ಗೊಳೋ ಎಂದು ಅತ್ತ. ಕೈ ತನ್ನಷ್ಟಕ್ಕೆ ಹಿಂಡುತ್ತಲೇ ಇತ್ತು. ಎಷ್ಟೋ ಹೊತ್ತಿನ ಮೇಲೆ ಬೆರಳಿಗೆ ಬೆಚ್ಚಗಾದದ್ದು ತಿಳಿಯಿತು. ಚರಿಗೆಯಲ್ಲಿ ಸರ್ ಸರ್ ಎಂದು ಸದ್ದು. ಹಾಲು! ಖುಷಿಗೆ ನನ್ನ ಅಳು ನಿಂತಿತು. ಸೆರಗಿನಲ್ಲಿ ಮೂಗೊರೆಸಿಕೊಂಡು ಸುಮ್ಮನಾದೆ. ಚಂದ್ರಿಯೂ ಹಾಲು ನಿಲ್ಲಿಸಿತು.

ಕಿಟಕಿಯಾಚೆ ರೂತವ್ವ ಮೂಗೆಳೆದುಕೊಳ್ಳುವುದು ಕೇಳಿಸಿತು. ಎಲ್ಲವೂ ಆಕೆಯ ಕಿವಿಗೆ ಬಿದ್ದಿತ್ತು.

“ಯಾಕ ಸುಮ್ನಾದಿ, ನನ್ನಪ್ಪಾ?” ಎಂದಳು ಮೆಲ್ಲಗೆ. “ನಿಮ್ಮಪ್ಪಂದು ಇನ್ನಷ್ಟು ಹೇಳ. ನಾನೂ ಕೇಳಾಕತ್ತೇನಿ. ಇನ್ನೂ ಎರಡು ಮೊಲಿ ಉಳದಾವು.”