ಸೊಲ್ಲೆಂಟುನಾದಲ್ಲಿ ಎಣ್ಣೆನೀರು

ದೆವ್ವ, ಪವಾಡ, ಶಕುನ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಕಾಫಿ ಮಾಡಲು ಹೋಗುವವಳು. ಸ್ವೀಡನ್ನಿನ ಕಿಸ್ಟಾದ ಒಂದು ಕಚೇರಿಯಲ್ಲಿ, ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. “ಅದೇನೋ ತಾನಾಗೇ ಸರಿಹೋಯ್ತು” ಎಂದು ಯಾರಾದರೂ ಹೇಳಿದರೆ ಮೈಯುರಿಯುತ್ತದೆ. ತಾನಾಗಿ ಯಾವುದೂ ಸರಿಹೋಗುವುದಿಲ್ಲ ಎಂಬ ನಂಬಿಕೆಯ ಮೇಲೆಯೇ ನನಗೆ ಸಂಬಳ ಬರುವುದು. ಅಂಥವಳು ಇದನ್ನು ಬರೆಯಲು ಕೂತಿದ್ದೇನೆ. ನಗುವವರು ನಗಬಹುದು. ನಿಮ್ಮ ಜಾಗದಲ್ಲಿ ನಾನಿದ್ದರೂ ನಗುತ್ತಿದ್ದೆ.

ಇದು ಕೆಲವು ವರ್ಷಗಳ ಹಿಂದಿನ ಮಾತು. ಅಪ್ಪ ತೀರಿಕೊಂಡು, ವರ್ಷಾಬ್ದಿಕವೂ ಮುಗಿದ ಮೇಲೆ ಅಮ್ಮನನ್ನು ಮೈಸೂರಿನಿಂದ, ಕಿಸ್ಟಾದ ಪಕ್ಕದಲ್ಲೇ ಇರುವ ಸೊಲ್ಲೆಂಟುನಾದ ನಮ್ಮ ಮನೆಗೆ ಕರೆಸಿಕೊಂಡಿದ್ದೆ. ಸಾವಾದ ಮನೆಯಲ್ಲಿ ಒಂದು ವರ್ಷ ಹಬ್ಬ ಮಾಡುವುದಿಲ್ಲ, ಅದು ಎಲ್ಲರ ಮನೆಯ ಪದ್ಧತಿ. ಆದರೆ ವರ್ಷ ಕಳೆದರೂ ಅಮ್ಮನ ಪಾಲಿಗೆ ಅದು ಮುಗಿಯಲೇ ಇಲ್ಲ. ದೀಪಾವಳಿ ಬಂದರೂ ಬೇಡ, ಸಂಕ್ರಾಂತಿ ಬಂದರೂ ಬೇಡ. ಅಳುತ್ತಲೂ ಇರಲಿಲ್ಲ, ಅತ್ತಿದ್ದರೆ ಎಷ್ಟೋ ಚೆನ್ನಾಗಿತ್ತು. ಏನು ಅಡುಗೆ ಮಾಡಲಿ ಎಂದು ಕೇಳಿದರೆ “ನಿಮಗೆ ಏನು ಬೇಕೋ ಅದು” ಎನ್ನುವಳು. ಬಡಿಸಿದ್ದನ್ನು ನೆಂಟರ ಮನೆಗೆ ಬಂದವಳಂತೆ ಮರ್ಯಾದೆಗೆ ತಿಂದು ಏಳುವಳು. ಹಿಂದೆಲ್ಲ ನಾನು ಮಾಡಿದ ಸಾರಿಗೆ ಹತ್ತು ಹೆಸರಿಡುತ್ತಿದ್ದ ಹೆಂಗಸು ಅದು. ಅವಳು ಒಂದು ಸಲ ನನ್ನನ್ನು ಬೈದರೆ ಸಾಕಪ್ಪ ಅನ್ನಿಸಿಬಿಟ್ಟಿತ್ತು.

ಅವಳನ್ನು ಒಪ್ಪಿಸಿದ್ದು ಆಗ ಆರು ವರ್ಷದವಳಾಗಿದ್ದ ನನ್ನ ಮಗಳು ಅನ್ವಿ. ಯುಗಾದಿಗೆ ಅಜ್ಜಿಯೇ ನೆತ್ತಿಗೆ ಎಣ್ಣೆ ತಟ್ಟಬೇಕು ಎಂದು ಎಲ್ಲಿ ಕೇಳಿ ತಿಳಿದಿದ್ದಳೋ, ಬೆನ್ನು ಬಿಡಲಿಲ್ಲ. ಕೊನೆಗೆ ಅಮ್ಮ, “ಆಯ್ತು ಪುಟ್ಟಿ, ಈ ಸಲ ಮಾಡಿ ನೋಡೋಣ. ಸರಿ ಬಂದ್ರೆ ಬಂತು, ಇಲ್ದಿದ್ರೆ ನನ್ನನ್ನ ಮತ್ತೆ ಕೇಳಬಾರದು” ಎಂದಳು. ಆ ಕೊನೆಯ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು. ಅಮ್ಮ ಹಠಮಾರಿ. ಈ ಹಬ್ಬ ಕೆಟ್ಟರೆ ಇನ್ನು ಜನ್ಮದಲ್ಲಿ ಅವಳು ಹಬ್ಬ ಮಾಡುವವಳಲ್ಲ ಎಂದು ನನಗೆ ಗೊತ್ತಿತ್ತು.

ಆ ವರ್ಷ ಹಿಮ ಬಿದ್ದದ್ದೋ ಬಿದ್ದದ್ದು. ಆಮೇಲೆ ಇದ್ದಕ್ಕಿದ್ದಂತೆ ಬಿಸಿಲೇರಿ, ಜೊತೆಗೆ ಮಳೆಯೂ ಸುರಿದು, ಎಲ್ಲ ಒಟ್ಟಿಗೇ ಕರಗಿತು. ನಮ್ಮದು ಸಾಲುಮನೆ. ಬೀದಿಯ ಎಲ್ಲರ ನೆಲಮಾಳಿಗೆಗೂ ನೀರು ನುಗ್ಗಿತು. ನನ್ನ ಗಂಡ ರಘು ಮೊಣಕಾಲುದ್ದದ ಬೂಟು ಹಾಕಿಕೊಂಡು ವಾರವೆಲ್ಲ ಬಕೆಟ್ಟಿನಲ್ಲಿ ನೀರು ಎತ್ತಿ ಸುರಿದ. ಸ್ಕೀ, ಸೂಟ್‌ಕೇಸು, ಅನ್ವಿಯ ಹಳೆಯ ತೊಟ್ಟಿಲು, ಎಲ್ಲ ಹಾಲಿಗೆ ಬಂದು ಕೂತವು. ಪಕ್ಕದ ಮನೆಯ ಲೇನಾ ತನ್ನ ಪಂಪು ತಂದುಕೊಟ್ಟಳು. ನಿವೃತ್ತ ಶಾಲಾ ಟೀಚರು, ಒಂಟಿ ಹೆಂಗಸು, ಬಾಯಿ ತುಂಬ ನಗು. ನನ್ನ ಅಮ್ಮನಿಗೂ ಅವಳಿಗೂ ಒಂದೇ ಒಂದು ಭಾಷೆ ಹೊಂದುತ್ತಿರಲಿಲ್ಲ, ಆದರೂ ಇಬ್ಬರೂ ಹೇಗೋ ಗಂಟೆಗಟ್ಟಲೆ ಒಟ್ಟಿಗೆ ಕೂರುತ್ತಿದ್ದರು.

ಯುಗಾದಿ ಆ ಸಲ ಶನಿವಾರ ಬಂದಿತ್ತು. ಬೆಳಗ್ಗೆ ಅಮ್ಮ ತಾನಾಗಿ ಎದ್ದು ಒಬ್ಬಟ್ಟಿಗೆ ಹೂರಣ ರುಬ್ಬಿದಳು, ಕಣಕ ಕಲಸಿಟ್ಟಳು. ನಾನು ಉಸಿರು ಬಿಗಿಹಿಡಿದು ಅವಳ ಹಿಂದೆ ಮುಂದೆ ಓಡಾಡಿದೆ. ಬಚ್ಚಲಿನ ಮುಂದೆ ಮಣೆ ಹಾಕಿದೆವು. ನಿಜವಾದ ಮಣೆ ಎಲ್ಲಿಂದ ಬರಬೇಕು, ಅದು ಐಕಿಯಾದ ಚಿಕ್ಕ ಸ್ಟೂಲು. ಅಮ್ಮ ಅನ್ವಿಯಿಂದ ಶುರುಮಾಡಿ ನನಗೆ, ರಘುವಿಗೆ, ಸಾಲಾಗಿ ಹರಳೆಣ್ಣೆ ತಟ್ಟಿದಳು. ಪಂಪು ವಾಪಸು ಒಯ್ಯಲು ಬಂದ ಲೇನಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅಮ್ಮ ಅವಳ ಕೈ ಹಿಡಿದು ಎಳೆದು ಸ್ಟೂಲಿನ ಮೇಲೆ ಕೂರಿಸಿಯೇಬಿಟ್ಟಳು. ಬೆಳ್ಳಿಕೂದಲಿನ ಆ ಹೆಂಗಸು ಕಣ್ಣುಮುಚ್ಚಿ, ಎಣ್ಣೆ ಕಿವಿಯವರೆಗೂ ಇಳಿಯುತ್ತಿದ್ದರೂ ನಗುತ್ತ ಕೂತಳು. ಕೊನೆಗೆ ಅಮ್ಮನ ತಲೆಗೆ ನಾನು ಹಚ್ಚಿದೆ.

ಅನ್ವಿ ನಲ್ಲಿ ಬಿಡಲು ಬಚ್ಚಲಿಗೆ ಓಡಿದಳು. ಒಂದು ಕ್ಷಣದಲ್ಲೇ, ನೀರು ಇಲ್ಲವೆಂದು ಸ್ವೀಡಿಷ್‌ನಲ್ಲಿ ಕೂಗಿದಳು.

ಅಡುಗೆಮನೆಯಲ್ಲೂ ಇಲ್ಲ, ಮಹಡಿಯಲ್ಲೂ ಇಲ್ಲ. ಅಷ್ಟರಲ್ಲಿ ಫೋನಿಗೆ ಕೊಮ್ಯೂನ್‌ನಿಂದ, ಅಂದರೆ ಇಲ್ಲಿನ ನಗರಸಭೆಯಿಂದ, ಸಂದೇಶ ಬಂತು. ಮಂಜುಗಟ್ಟಿದ್ದ ನೆಲ ಸಡಿಲಾಗಿ ದೊಡ್ಡ ಪೈಪು ಒಡೆದಿದೆ, ಬೀದಿಗೆಲ್ಲ ನೀರು ನಿಲ್ಲಿಸಿದ್ದೇವೆ, ಮಧ್ಯಾಹ್ನದ ಮೇಲೆ ಕುಡಿಯುವ ನೀರಿನ ಟ್ಯಾಂಕರ್ ಬರುತ್ತದೆ ಎಂದು. ರಘು ಎಣ್ಣೆ ತೊಟ್ಟಿಕ್ಕುತ್ತಿದ್ದ ಮುಖದಲ್ಲಿ, “ಬರಗಾಲದಲ್ಲಿ ಅಧಿಕ ಮಾಸ ಅಂದ್ರೆ ಇದೇ ನೋಡು. ಕೆಳಗಡೆ ಕೆರೆ, ನಲ್ಲೀಲಿ ತೊಟ್ಟು ನೀರಿಲ್ಲ” ಎಂದ. ಎಲ್ಲರ ತಲೆಯಲ್ಲೂ ಹರಳೆಣ್ಣೆ. ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ನಾನು ಅಮ್ಮನ ಮುಖ ನೋಡಿದೆ.

ರಘು ಅಂಗಳದ ಹಿಮವನ್ನೇ ಪಾತ್ರೆಗೆ ತುಂಬಿ ಕಾಯಿಸೋಣವೆಂದ. ತಂದು ನೋಡಿದರೆ ಅರ್ಧ ಮಣ್ಣು, ಇನ್ನರ್ಧ ಯಾರದೋ ನಾಯಿಯ ಗುರುತು. ಕಿಸ್ಟಾದಲ್ಲಿರುವ ಗೆಳತಿಯ ಫ್ಲ್ಯಾಟಿಗೆ ಹೋಗಿ ಸ್ನಾನ ಮಾಡಿ ಬರೋಣವೆಂದೆ ನಾನು. ಅಮ್ಮ ತಲೆಯಾಡಿಸಿದಳು. “ಎಣ್ಣೆ ತಲೇಲಿ ಹೊಸ್ತಿಲು ದಾಟಬಾರದು. ಬಿಡ್ರೇ. ನಾನು ಆವತ್ತೇ ಹೇಳಿದ್ದೆ. ನನ್ನ ಹಣೇಲಿ ಹಬ್ಬ ಇಲ್ಲ.”

ದನಿಯಲ್ಲಿ ಕೋಪವಿರಲಿಲ್ಲ. ಹಳೆಯ ಟವೆಲು ತೆಗೆದುಕೊಂಡು ತಲೆಯ ಎಣ್ಣೆ ಒರೆಸಿಕೊಳ್ಳತೊಡಗಿದಳು. ಲೇನಾಗೆ ಮಾತು ತಿಳಿಯದಿದ್ದರೂ ವಿಷಯ ತಿಳಿಯಿತು, ಅವಳ ನಗು ಇಳಿದುಹೋಯಿತು. ನನಗೆ ದುಃಖ ಒತ್ತರಿಸಿ ಬಂತು. ಇಷ್ಟು ದೂರ ಕರೆತಂದ ಮೇಲೆ ಹೀಗೆ ಕಳೆದುಕೊಂಡೆನಲ್ಲ ಎಂದು ಗೋಡೆಗೆ ಒರಗಿ ನಿಂತೆ.

ಆಗ ಬಚ್ಚಲಿನಲ್ಲಿ ನೀರು ಬಿದ್ದ ಸದ್ದಾಯಿತು.

ಅನ್ವಿ ನಲ್ಲಿಯ ಹಿಡಿಯನ್ನು ಎತ್ತಿ ಹಾಗೆಯೇ ಬಿಟ್ಟು ಬಂದಿದ್ದಳು, ಸರಿ. ಆದರೆ ಬರುತ್ತಿದ್ದದ್ದು ಹನಿಯಲ್ಲ. ಧಾರೆಯಾಗಿ, ಹಬೆಯಾಡುತ್ತ, ಎಣ್ಣೆ ಬಿಡಿಸಲು ಎಷ್ಟು ಬಿಸಿ ಬೇಕೋ ಅಷ್ಟೇ ಬಿಸಿಯಾದ, ತಿಳಿಯಾದ ನೀರು. ನಾನು ಅಡುಗೆಮನೆಗೆ ಓಡಿ ನೋಡಿದೆ, ಅಲ್ಲಿ ಒಣಗಿತ್ತು. ಮಹಡಿಯಲ್ಲೂ ಒಣಗಿತ್ತು. ಲೇನಾ ತನ್ನ ಮನೆಗೆ ಹೋಗಿ ನೋಡಿ, ತಲೆ ಅಲ್ಲಾಡಿಸುತ್ತ, ಕೈಯಲ್ಲಿ ಟವೆಲು ಹಿಡಿದು ವಾಪಸು ಬಂದಳು. ರಘು ಬೂಟು ಹಾಕಿಕೊಂಡು ನೆಲಮಾಳಿಗೆಗೆ ಇಳಿದ. ಮೇಲೆ ಬಂದವನ ಮುಖ ಬೇರೆಯಾಗಿತ್ತು. “ಮೀಟರ್ ತಿರುಗ್ತಾನೇ ಇಲ್ಲ ಕಣೆ. ಪೈಪ್‌ಗೆ ಕಿವಿ ಇಟ್ಟೆ, ಒಳಗೆ ಸೌಂಡೇ ಇಲ್ಲ” ಎಂದು ನನ್ನ ಕಿವಿಯಲ್ಲಿ ಹೇಳಿದ.

ಅಮ್ಮ ಮಾತ್ರ ಏನೂ ಕೇಳಲಿಲ್ಲ. ಟವೆಲು ಕೆಳಗಿಟ್ಟು, ಸೆರಗು ಸಿಕ್ಕಿಸಿ, “ಪುಟ್ಟಿ, ಬಾ ಇಲ್ಲಿ” ಎಂದಳು.

ಆಮೇಲೆ ನಡೆದದ್ದು ಬರೀ ಸಂಭ್ರಮ. ಸೀಗೆಪುಡಿ ಕಣ್ಣಿಗೆ ಬಿತ್ತೆಂದು ಅನ್ವಿ ಮನೆ ಹಾರಿಹೋಗುವಂತೆ ಕಿರುಚಿದಳು. ಅಮ್ಮ ಅವಳ ಬೆನ್ನಿಗೊಂದು ಹುಸಿಪೆಟ್ಟು ಕೊಟ್ಟಳು. ಲೇನಾಳ ತಲೆಯನ್ನೂ ಅಮ್ಮನೇ ತಿಕ್ಕಿದಳು. ಅವಳು ಕೆಂಪಗೆ ಬೆಂದವಳಂತೆ ಹೊರಬಂದು, ಸೌನಾದ ಹಬೆಸ್ನಾನದಲ್ಲೂ ಇಷ್ಟು ಹಗುರಾಗಿಲ್ಲ ಎಂದು ಮೂರು ಸಲ ಹೇಳಿದಳು. ನನ್ನ ಸರದಿ ಬಂದಾಗ ಅಮ್ಮ, “ಏನೇ ಇದು ಕೂದಲು, ತೆಂಗಿನ ನಾರಿನ ಹಾಗೆ. ಯಾವ ಹಾಳು ಶಾಂಪೂ ಹಾಕ್ತೀಯೆ?” ಎಂದು ಬೈದಳು. ಬಗ್ಗಿಸಿದ ತಲೆಯನ್ನು ಎತ್ತದೆ ಅತ್ತುಬಿಟ್ಟೆ. ನೀರಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಅಷ್ಟು ಸುಖವಾಗಿ ನಾನು ಯಾವತ್ತೂ ಬೈಸಿಕೊಂಡಿಲ್ಲ. ರಘು ಸ್ನಾನ ಮುಗಿಸಿದ ಮೇಲೆ ಕೊನೆಗೆ ಅಮ್ಮ ಬಾಗಿಲು ಹಾಕಿಕೊಂಡಳು.

ನಾನು ಹೊಸ ಸೀರೆ ಹಿಡಿದು ಹೊರಗೆ ನಿಂತಿದ್ದೆ. ನೀರು ಸುರಿಯುವ ಸದ್ದಿನ ನಡುವೆ ಅಮ್ಮನ ದನಿ ಸ್ಪಷ್ಟವಾಗಿ ಕೇಳಿತು. “ಸಾಕು ರೀ. ಎಲ್ಲರದೂ ಆಯ್ತು.”

ನೀರು ನಿಂತಿತು. ಗಾಳಿ ಸೇರಿ ಗೊಳಗೊಳ ಎನ್ನಲಿಲ್ಲ, ತೊಟ್ಟಿಕ್ಕಲೂ ಇಲ್ಲ. ಒಮ್ಮೆಲೇ ನಿಂತಿತು. ಸೀರೆ ಕೊಡುವಾಗ ಒಳಗೆ ಇಣುಕಿದೆ. ಅಮ್ಮ ಸ್ಟೂಲಿನ ಮೇಲೆ ಕೂತಿದ್ದಳು, ನಲ್ಲಿ ಅವಳ ಕೈಗೆಟುಕದಷ್ಟು ದೂರದಲ್ಲಿತ್ತು. ನಲ್ಲಿಯ ಹಿಡಿ ಇನ್ನೂ ಮೇಲಕ್ಕೇ ಇತ್ತು, ಅಂದರೆ ತೆರೆದೇ ಇತ್ತು.

ಸ್ವಲ್ಪ ಹೊತ್ತಿಗೆ ಕೊಮ್ಯೂನ್‌ನ ಹಳದಿ ಜಾಕೆಟ್ಟಿನವನು ನೆಲಮಾಳಿಗೆಗಳನ್ನು ನೋಡಲು ಮನೆಮನೆಗೂ ಬಂದ. ನಮ್ಮೆಲ್ಲರ ಒದ್ದೆ ಕೂದಲು ನೋಡಿ ಅವನಿಗೆ ಆಶ್ಚರ್ಯ. ವಾಲ್ವು ಮುಚ್ಚಿದೆ, ಪೈಪು ಎರಡು ತುಂಡಾಗಿ ಗುಂಡಿಯಲ್ಲಿ ಬಿದ್ದಿದೆ, ನೀರು ಬರಲು ಸಾಧ್ಯವೇ ಇಲ್ಲ ಎಂದ. ಪೈಪಿನಲ್ಲಿ ಉಳಿದದ್ದು ಒಂದೆರಡು ಬಕೆಟ್ ಬಂದಿರಬಹುದೇನೋ ಎಂದು ತಾನೇ ಸಮಾಧಾನ ಮಾಡಿಕೊಂಡ. ರಘು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡ, ಇವತ್ತಿಗೂ ಅದನ್ನೇ ಹೇಳುತ್ತಾನೆ. ಹರಳೆಣ್ಣೆ ಹಚ್ಚಿ ಸೀಗೆಪುಡಿ ಹಾಕಿದ ಒಂದು ತಲೆಗೇ ಎಷ್ಟು ಬಕೆಟ್ ಬೇಕೆಂದು ನನ್ನ ಓದುಗರಿಗೆ ಹೇಳಬೇಕಾಗಿಲ್ಲ. ಲೇನಾ ಯಾವ ವಿವರಣೆಯನ್ನೂ ಹುಡುಕಲಿಲ್ಲ, ಮುಂದಿನ ವರ್ಷವೂ ಕರೆಯಿರಿ ಎಂದಳು. ನಾನು ಮಾತ್ರ ಆ ನಲ್ಲಿಯನ್ನು ಬಿಚ್ಚಿಸಿ ನೋಡಿದ್ದೇನೆ, ಪ್ಲಂಬರನ ತಲೆ ತಿಂದಿದ್ದೇನೆ, ಮನೆಯ ಪೈಪಿನ ನಕ್ಷೆ ತರಿಸಿದ್ದೇನೆ. ಏನೂ ಸಿಕ್ಕಿಲ್ಲ. ಪವಾಡ ಎನ್ನಲು ನಾಲಿಗೆ ಏಳುವುದಿಲ್ಲ, ನಡೆಯಲೇ ಇಲ್ಲ ಎನ್ನಲೂ ಆಗುವುದಿಲ್ಲ.

ಅಮ್ಮನನ್ನು ಕೇಳಿದ್ದು ಒಂದೇ ಸಲ, ಅದೇ ದಿನ. ಅವಳು ಒದ್ದೆ ತಲೆಗೆ ಟವೆಲು ಸುತ್ತಿ ಒಬ್ಬಟ್ಟು ಬೇಯಿಸುತ್ತಿದ್ದಳು. “ಒಳಗಡೆ ಯಾರ ಹತ್ರ ಮಾತಾಡ್ದೆ ಅಮ್ಮ?” ಎಂದೆ. ಅವಳು ಕಾವಲಿಯ ಮೇಲಿದ್ದುದನ್ನು ನಿಧಾನವಾಗಿ ತಿರುವಿಹಾಕಿದಳು.

“ಹಸಿವಾಗ್ತಿದೆ ಕಣೆ,” ಎಂದಳು. “ಬೇಗ ತಟ್ಟೆ ಹಾಕು.”

ಅಪ್ಪ ಹೋದಮೇಲೆ ಅಮ್ಮನ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಮತ್ತೆ ಏನನ್ನೂ ಕೇಳದೆ ತಟ್ಟೆ ಹಾಕಿದೆ.