ಗೋಡೆಯಾಚೆಯ ನ್ಯೂಟ್ರಲ್

ಎರಡು ವರ್ಷಗಳ ಹಿಂದೆ ನಾನು ಜೆ.ಪಿ. ನಗರದ ಒಂದು ಸಣ್ಣ ಸಂಸ್ಥೆಯಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರ್ ಆಗಿ ಸೇರಿದೆ. ಹಳೆಯ ಮನೆಗಳ ವೈರಿಂಗ್ ಪರೀಕ್ಷಿಸಿ, ಏನನ್ನು ಬದಲಾಯಿಸಬೇಕು, ಏನನ್ನು ಹಾಗೆಯೇ ಬಿಡಬಹುದು ಎಂದು ಹೇಳುವುದು ನನ್ನ ಕೆಲಸ. ಈವರೆಗೆ ನೋಡಿದ ಮನೆಗಳಲ್ಲಿ ಬಿಳೇಕಹಳ್ಳಿಯ ಒಂದು ಮನೆಯ ಬಗ್ಗೆ ಬರೆಯಬೇಕೆನಿಸಿದ್ದಕ್ಕೆ ಕಾರಣ ಅಲ್ಲಿನ ಇಬ್ಬರು ಹೆಂಗಸರು.

ಫೋನ್ ಮಾಡಿದವರು ಸವಿತಾ. ಅವರ ನಾಲ್ಕು ವರ್ಷದ ಮಗಳು ಒದ್ದೆ ಕೈಯಲ್ಲಿ ವಾಷಿಂಗ್ ಮಷೀನ್ ಮುಟ್ಟಿ, ಶಾಕ್ ಹೊಡೆದು ಬಿದ್ದಿದ್ದಳು. ಮಗುವಿಗೆ ಹೆಚ್ಚೇನೂ ಆಗಲಿಲ್ಲ. ಆದರೆ ಸವಿತಾ ಮಷೀನ್ ರಿಪೇರಿ ಮಾಡಿಸಿ ಸುಮ್ಮನಾಗಲಿಲ್ಲ. ಮನೆಗೆ ಆರ್‌ಸಿಸಿಬಿ ಹಾಕಿಸಿದರು. ಫೇಸ್ ತಂತಿಯಲ್ಲಿ ಮನೆಯೊಳಗೆ ಹೋದ ಕರೆಂಟು ಅಷ್ಟೂ ನ್ಯೂಟ್ರಲ್ ತಂತಿಯಲ್ಲಿ ಹಿಂದಿರುಗಬೇಕು. ಯಾರದೋ ಮೈ ಮೂಲಕ ಸ್ವಲ್ಪ ಸೋರಿಹೋದರೂ ಲೆಕ್ಕ ತಪ್ಪುತ್ತದೆ. ಆ ವ್ಯತ್ಯಾಸ ಕಂಡ ಕೂಡಲೇ ಆರ್‌ಸಿಸಿಬಿ ಇಡೀ ಮನೆಯ ಕರೆಂಟು ಕಡಿಯುತ್ತದೆ. ಅರ್ತಿಂಗ್ ದುರ್ಬಲವಾಗಿರುವ ಹಳೆಯ ಮನೆಗಳಲ್ಲಿ ಜೀವ ಉಳಿಸುವ ಸಾಧನ ಅದು.

ಹಾಕಿಸಿದ ದಿನದಿಂದಲೇ ಅದು ಹೊತ್ತುಗೊತ್ತಿಲ್ಲದೆ ಟ್ರಿಪ್ ಆಗಿ ಬೀಳತೊಡಗಿತು. ಕೆಲವೊಮ್ಮೆ ಎತ್ತಿದರೆ ನಿಲ್ಲುತ್ತಿತ್ತು, ಕೆಲವೊಮ್ಮೆ ಅರ್ಧ ಗಂಟೆ ನಿಲ್ಲುತ್ತಲೇ ಇರಲಿಲ್ಲ. ಎಲೆಕ್ಟ್ರಿಷಿಯನ್ ಬಂದು ಹೊಸ ಆರ್‌ಸಿಸಿಬಿ ಹಾಕಿದರೂ ಅದೇ ಕಥೆ. ನಾನು ಹೋದ ದಿನ ಸವಿತಾ ಅವರ ಗಂಡ ಮಂಜುನಾಥ್ ತೀರ್ಮಾನ ಮಾಡಿಬಿಟ್ಟಿದ್ದರು.

“ಸಾಕಾಯ್ತು ಮೇಡಂ. ಸಂಜೆ ಹುಡುಗನ್ನ ಕರೆಸಿದೀನಿ. ಅದನ್ನ ಕಿತ್ತಾಕಿ ಡೈರೆಕ್ಟ್ ಮಾಡಿಸ್ತೀನಿ.”

“ಮಾಡಿಸಿ. ಹಾಗಾದ್ರೆ ನಾನೂ ಪುಟ್ಟೀನೂ ತವರುಮನೇಲಿರ್ತೀವಿ” ಎಂದರು ಸವಿತಾ. ದನಿ ಎತ್ತಿರಲಿಲ್ಲ.

ಹೀಗಾಗಿ ಸಂಜೆಯೊಳಗೆ ಕಾರಣ ಸಿಗಬೇಕಿತ್ತು. ಬೋರ್ಡಿನಲ್ಲಿದ್ದ ಎಂಸಿಬಿಗಳನ್ನೆಲ್ಲ, ಅಂದರೆ ಒಂದೊಂದು ಲೈನಿನ ಸ್ವಿಚ್ಚುಗಳನ್ನು, ಕೆಳಗೆ ಹಾಕಿದೆ. ಮನೆಯಲ್ಲಿ ಒಂದು ಬಲ್ಬೂ ಉರಿಯುತ್ತಿರಲಿಲ್ಲ. ಆರ್‌ಸಿಸಿಬಿ ಎತ್ತಿದೆ, ತಕ್ಷಣ ಬಿತ್ತು.

“ನೋಡಿದ್ರಾ? ದೆವ್ವ ಹಿಡಿದಿದೆ ಇದಕ್ಕೆ” ಎಂದರು ಮಂಜುನಾಥ್.

ಎಲ್ಲವೂ ಆಫ್ ಆಗಿದ್ದಾಗ ನ್ಯೂಟ್ರಲ್ ತಂತಿಗೆ ಟೆಸ್ಟರ್ ಇಟ್ಟೆ. ಅದು ಬೆಳಗಿತು. ಸತ್ತಿರಬೇಕಾದ ತಂತಿಗೆ ಎಲ್ಲಿಂದಲೋ ಕರೆಂಟು ಬರುತ್ತಿತ್ತು. ಎಂಸಿಬಿ ಫೇಸನ್ನು ಮಾತ್ರ ಕಡಿಯುತ್ತದೆ, ಆದರೆ ಬಿದ್ದ ಆರ್‌ಸಿಸಿಬಿ ಫೇಸ್, ನ್ಯೂಟ್ರಲ್ ಎರಡನ್ನೂ ಕಡಿದಿತ್ತು. ಆದ್ದರಿಂದ ಅದು ಹೊರಗಿನಿಂದಲೇ ಬರಬೇಕು.

“ಈ ಗೋಡೆ ಆಚೆ ಯಾರಿದ್ದಾರೆ?” ಎಂದು ಕೇಳಿದೆ.

“ನಮ್ಮ ಭಾವನ ಮನೆ” ಎಂದರು ಸವಿತಾ. ಮೊದಲು ಇದೊಂದೇ ಮನೆ. ಅಣ್ಣತಮ್ಮಂದಿರು ಭಾಗವಾದಾಗ ಅಡುಗೆಮನೆಯ ನಡುವೆ ಗೋಡೆ ಎದ್ದಿತು, ಹೊಸ ಮೀಟರ್ ಬಂತು. ಅಂದಿನಿಂದ ಎರಡು ಮನೆಗಳಿಗೆ ಮಾತಿಲ್ಲ.

“ಅಲ್ಲಿಗೆ ಹೋಗೋದು ಬೇಡ. ಕರೆಂಟ್ ಕದ್ದಿದೀರಿ ಅನ್ನೋಕೆ ಬಂದ್ರು ಅಂತಾರೆ” ಎಂದರು ಮಂಜುನಾಥ್.

“ಪುಟ್ಟಿ ಬಿದ್ದಾಗ ನೀವಿರ್ಲಿಲ್ಲ, ನಾನಿದ್ದೆ. ಬನ್ನಿ ಮೇಡಂ” ಎಂದು ಸವಿತಾ ಮುಂದೆ ನಡೆದರು.

ಅವರ ಓರಗಿತ್ತಿ ಪುಟ್ಟಲಕ್ಷ್ಮಮ್ಮ ಬಾಗಿಲಲ್ಲೇ ನಿಂತು, “ಏನು, ದಾರಿ ತಪ್ಪಿ ಬಂದ್ಯಾ?” ಎಂದರು. ನನ್ನ ಕೈಯಲ್ಲಿದ್ದ ಟೆಸ್ಟರ್ ನೋಡಿದ ಮೇಲೆ ದನಿ ಬದಲಾಯಿತು. “ಕರೆಂಟಿನವಳೇನಮ್ಮ? ಬಾ, ನಮ್ಮ ಮಿಕ್ಸೀನೂ ಒಸಿ ನೋಡು.”

ಅಡುಗೆಮನೆಯ ಕಟ್ಟೆಯ ಮೇಲೆ ಮಿಕ್ಸಿ ಇತ್ತು. ತಿರುಗಿಸಿದ ನಾಬ್ ಹಾಗೆಯೇ ಇತ್ತು. ಮಿಕ್ಸಿ ಮಾತ್ರ ಓಡುತ್ತಿರಲಿಲ್ಲ.

“ಎರಡು ವಾರದಿಂದ ಹಿಂಗೇ. ಗುರ್ ಅಂತದೆ, ನಿಂತೋಗ್ತದೆ. ರಿಪೇರಿ ಅಂಗಡೀಲಿ ಓಡ್ತದೆ, ನಮ್ಮ ಹಾಲ್‌ನಲ್ಲೂ ಓಡ್ತದೆ, ಇಲ್ಲಿ ಮಾತ್ರ ಮುನಿಸು. ಪಾಯಿಂಟ್ ಬದಲಾಯಿಸಿದ್ದೂ ಆಯ್ತು. ಟಿವಿ ಮುಂದೆ ಕೂತು ಚಟ್ನಿ ರುಬ್ಬೋ ಹಣೆಬರ ನಂದು! ಇವತ್ತಾದ್ರೂ ಓಡುತ್ತೇನೋ ಅಂತ ದಿನಾ ಇಲ್ಲಿ ಹಾಕಿ ಹಾಕಿ ನೋಡ್ತೀನಿ.”

ಸವಿತಾ ನನ್ನ ಮುಖ ನೋಡಿದರು. “ನಮ್ಮನೇಲೂ ಎರಡು ವಾರದಿಂದಲೇ ಅಕ್ಕ, ಕರೆಂಟ್ ಹೋಗ್ತಿರೋದು.”

ಒಂದೇ ದೋಷದ ಅರ್ಧ ಲಕ್ಷಣ ಈ ಮನೆಯಲ್ಲಿತ್ತು, ಇನ್ನರ್ಧ ಆ ಮನೆಯಲ್ಲಿ. ಭಾಗವಾದಾಗ ಆ ಪಾಯಿಂಟಿನ ಫೇಸನ್ನು ಅಣ್ಣನ ಮೀಟರಿಗೆ ಸೇರಿಸಿದ್ದರು. ಗೋಡೆಯೊಳಗಿನ ಹಳೆಯ ನ್ಯೂಟ್ರಲ್ ಮಾತ್ರ ತಮ್ಮನ ಬೋರ್ಡಿನಲ್ಲೇ ಉಳಿದಿತ್ತು. ಆರ್‌ಸಿಸಿಬಿ ಬರುವವರೆಗೆ ಅದು ಯಾರಿಗೂ ಗೊತ್ತಾಗುವಂತಿರಲಿಲ್ಲ. ಈಗ ಮಿಕ್ಸಿ ಹಾಕಿದ ಕೂಡಲೇ, ತನ್ನ ಮೂಲಕ ಹೋಗದ ಕರೆಂಟು ಹಿಂದಿರುಗಿ ಬರುವುದನ್ನು ಕಂಡು ಆರ್‌ಸಿಸಿಬಿ ಬೀಳುತ್ತಿತ್ತು. ಅದರೊಂದಿಗೆ ಮಿಕ್ಸಿಯ ಕರೆಂಟು ಹಿಂದಿರುಗುವ ದಾರಿಯೂ ಕಡಿದುಹೋಗುತ್ತಿತ್ತು. ಮಾತಿದ್ದ ಮನೆಗಳಾಗಿದ್ದರೆ ಮೊದಲ ದಿನವೇ ತಿಳಿಯುತ್ತಿತ್ತೇನೋ.

ಖಚಿತಪಡಿಸಿಕೊಳ್ಳಲು ನಾಬ್ ಆಫ್ ಮಾಡಿದೆ. ಸವಿತಾ ಮನೆಗೆ ಓಡಿ ಆರ್‌ಸಿಸಿಬಿ ಎತ್ತಿದರು, ನಿಂತಿತು. “ಹಾಕಿ ಅಕ್ಕಾ!” ಎಂಬ ಕೂಗು ಗೋಡೆ ದಾಟಿ ಬಂತು. ಪುಟ್ಟಲಕ್ಷ್ಮಮ್ಮ ನಾಬ್ ತಿರುಗಿಸಿದರು. ಗುರ್ ಎಂದು ನಿಂತಿತು. ಆಚೆಯಿಂದ, “ಹೋಯ್ತು!”

ಪುಟ್ಟಲಕ್ಷ್ಮಮ್ಮನ ಮುಖ ಸಣ್ಣದಾಯಿತು. “ಅಂದ್ರೆ ನಾವು ಅವರ ಕರೆಂಟ್ ಕದ್ದಂಗಾಯ್ತಾ?”

“ಇಲ್ಲ ಆಂಟಿ. ಕರೆಂಟ್ ಹೊರಡೋದು ನಿಮ್ಮ ಮೀಟರಿಂದಲೇ. ವಾಪಸ್ ಹೋಗೋ ದಾರಿ ಮಾತ್ರ ಅವರದು.”

ಪುಟ್ಟಲಕ್ಷ್ಮಮ್ಮನ ಮುಂದೆ ಎರಡು ದಾರಿಗಳಿದ್ದವು. ಆ ಪಾಯಿಂಟನ್ನು ಶಾಶ್ವತವಾಗಿ ಮುಚ್ಚಿ ಮಿಕ್ಸಿಯನ್ನು ಹಾಲ್‌ನಲ್ಲೇ ಬಿಡುವುದು, ಇಲ್ಲವೇ ಅವರದೇ ಬೋರ್ಡಿನಿಂದ ಹೊಸ ನ್ಯೂಟ್ರಲ್ ಎಳೆಯುವುದು. ಎರಡನೆಯದಕ್ಕೆ ಹೊಸದಾಗಿ ಹಾಕಿಸಿದ್ದ ಟೈಲ್ಸ್ ಕೊರೆಯಬೇಕು. ಎರಡರಲ್ಲಿ ಯಾವುದನ್ನೂ ಮಾಡದೆ ಇರಲೂ ಅವರಿಗೆ ಸಾಧ್ಯವಿತ್ತು. ಸವಿತಾ ಮನೆಯ ಆರ್‌ಸಿಸಿಬಿ ಕಿತ್ತರೆ ಅವರ ಮಿಕ್ಸಿ ಮೊದಲಿನಂತೆ ಓಡುತ್ತಿತ್ತು. ಅದನ್ನೂ ಮುಚ್ಚಿಡದೆ ಹೇಳಿದೆ. ಯಾಕೆ ಕೀಳಬಾರದು ಎನ್ನುವಾಗ ಮಗುವಿನ ವಿಷಯ ಬಂತು.

ಅವರು ನನ್ನನ್ನು ಬಿಟ್ಟು, ಹಿಂದಿರುಗಿ ಬಂದಿದ್ದ ಸವಿತಾ ಕಡೆ ತಿರುಗಿದರು. “ಪುಟ್ಟಿಗೆ ಶಾಕ್ ಹೊಡೀತು ಅಂತ ನನಗ್ಯಾಕೆ ಹೇಳ್ಲಿಲ್ಲ ನೀನು?”

“ಹೆಂಗ್ ಹೇಳ್ಲಿ ಅಕ್ಕ, ಮಾತೇ ಇರ್ಲಿಲ್ವಲ್ಲ.”

“ಮಾತಿಲ್ದೇ ಇದ್ರೆ ಕೂಗ್ಬೇಕಿತ್ತು. ಈಗ ಕೂಗ್ಲಿಲ್ವಾ ಗೋಡೆಯಿಂದ?” ಎಂದವರೇ ನನಗೆ, “ಒಡೀರಮ್ಮ ಟೈಲ್ಸು” ಎಂದರು.

ಸಂಜೆ ಆರ್‌ಸಿಸಿಬಿ ಕೀಳಲು ಬಂದ ಎಲೆಕ್ಟ್ರಿಷಿಯನ್ನೇ ಟೈಲ್ಸ್ ಕೊರೆದು ಹೊಸ ತಂತಿ ಎಳೆದ. ಹಳೆಯ ನ್ಯೂಟ್ರಲ್ ಅನ್ನು ಎರಡೂ ತುದಿಯಲ್ಲಿ ಕಡಿಸಿದೆ. ಮಿಕ್ಸಿ ಓಡಿತು, ಆರ್‌ಸಿಸಿಬಿ ಬೀಳಲಿಲ್ಲ. ಆಮೇಲೆ ಅದರ ಟೆಸ್ಟ್ ಬಟನ್ ಒತ್ತಿದೆ, ಬೀಳಬೇಕಾದಂತೆ ಬಿತ್ತು. ತಿಂಗಳಿಗೊಮ್ಮೆ ಹೀಗೆ ಒತ್ತಿ ನೋಡಬೇಕೆಂದು ಇಬ್ಬರಿಗೂ ತೋರಿಸಿದೆ. ಪುಟ್ಟಲಕ್ಷ್ಮಮ್ಮ, ತಮ್ಮ ಮನೆಗೂ ಒಂದನ್ನು ಹಾಕಿಸಿಕೊಡಿ ಎಂದರು.

ಉಪಕರಣಗಳನ್ನು ನಂಬುವುದನ್ನು ಕಾಲೇಜು ಕಲಿಸಿತ್ತು. ದೋಷ ಒಂದು ಮನೆಯಲ್ಲೂ ಅದರ ಕಾರಣ ಇನ್ನೊಂದರಲ್ಲೂ ಇರಬಹುದೆಂಬುದನ್ನು ನಾನು ಕಲಿತದ್ದು ಬಿಳೇಕಹಳ್ಳಿಯಲ್ಲಿ. ಭಾಗಪತ್ರದಲ್ಲಿ ಬಾವಿ, ಗೇಟು, ತೆಂಗಿನಮರ ಎಲ್ಲವನ್ನೂ ಹಂಚಿರುತ್ತಾರೆ. ಗೋಡೆಯೊಳಗಿನ ನ್ಯೂಟ್ರಲ್ ಅನ್ನು ಯಾರೂ ಹಂಚಿರುವುದಿಲ್ಲ. ಈಗ ಯಾವ ಹಳೆಯ ಮನೆಗೆ ಹೋದರೂ ಬೋರ್ಡ್ ತೆರೆಯುವ ಮೊದಲು, ಈ ಮನೆ ಎಂದಾದರೂ ಭಾಗವಾಗಿದೆಯೇ ಎಂದು ಕೇಳುತ್ತೇನೆ. ಹೌದು ಎಂದರೆ ಆಚೆ ಮನೆಯ ಬಾಗಿಲನ್ನೂ ತಟ್ಟುತ್ತೇನೆ.